ಕಡಲ ತಳ ಗುಡಿಸುವವಳು

"ನಿಮ್ಮ ಸೊಸೆಗೆ ಏನು ಕೆಲಸ?" ಎಂದು ಯಾರಾದರೂ ಕೇಳಿದರೆ ಅತ್ತೆಯ ಬಾಯಲ್ಲಿ ಉತ್ತರ ಸಿದ್ಧವಿರುತ್ತಿತ್ತು. "ಸಮುದ್ರ ಗುಡಿಸ್ತಾಳೆ. ಅದಕ್ಕೇ ಮನೆ ಗುಡಿಸೋಕೆ ಪುರುಸೊತ್ತಿಲ್ಲ."

ಕೇಳಿದವರು ನಗುತ್ತಿದ್ದರು. ಅತ್ತೆಯ ಮಾತಿನಲ್ಲಿ ಸುಳ್ಳೇನೂ ಇರಲಿಲ್ಲ. ಬಂದರಿನ ಅಳತೆ ಕಚೇರಿಯ ಎರಡನೇ ಮಹಡಿಯಲ್ಲಿ, ನಿಜವಾದ ಕಡಲು ಕಾಣುವ ಕಿಟಕಿಗೆ ಬೆನ್ನು ಹಾಕಿ ಕೂತು, ಅವಳು ದಿನವಿಡೀ ಮಾಡುತ್ತಿದ್ದುದು ಗುಡಿಸುವ ಕೆಲಸವೇ. ಅಳತೆಯ ದೋಣಿ ನೀರಿನ ಮೇಲೆ ಸಾಗುತ್ತ ತಳಕ್ಕೆ ಶಬ್ದ ಬಿಡುತ್ತದೆ. ಶಬ್ದ ತಳಕ್ಕೆ ಬಡಿದು ಮರಳಲು ಎಷ್ಟು ಹೊತ್ತು ಬೇಕಾಯಿತು ಎಂಬುದರಿಂದ ಆಳ ತಿಳಿಯುತ್ತದೆ. ಪ್ರತಿಯೊಂದು ಮರಳಿಕೆಗೂ ಒಂದು ಚುಕ್ಕೆ. ಲಕ್ಷಾಂತರ ಚುಕ್ಕೆಗಳು ಪರದೆಯ ಮೇಲೆ ಕೂಡಿದಾಗ ಕಡಲ ತಳ ಬರಿಗಣ್ಣಿಗೆ ಕಂಡಂತೆ ಕಾಣುತ್ತದೆ. ಆದರೆ ಶಬ್ದಕ್ಕೆ ಕಣ್ಣಿಲ್ಲ. ಅದು ಮೀನಿಗೂ ಬಡಿಯುತ್ತದೆ, ಗಾಳಿಗುಳ್ಳೆಗೂ ಬಡಿಯುತ್ತದೆ, ಬೇರೆ ದೋಣಿಯ ಎಂಜಿನ್ನಿನ ಸದ್ದಿನಿಂದಲೂ ಮೋಸಹೋಗುತ್ತದೆ. ಆ ಸುಳ್ಳು ಚುಕ್ಕೆಗಳನ್ನು ಹುಡುಕಿ ಅಳಿಸುವವಳು ಅವಳು. ಅದಕ್ಕೊಂದು ನಿಯಮವಿತ್ತು: ಅಕ್ಕಪಕ್ಕದಲ್ಲಿ ಜೊತೆಯಿಲ್ಲದೆ ಒಂಟಿಯಾಗಿ ಎದ್ದುನಿಂತ ಚುಕ್ಕೆ ಸುಳ್ಳು.

ಕಚೇರಿಯಲ್ಲಿ ಅವಳನ್ನು ಪೊರಕೆ ಎಂದು ಕರೆಯುತ್ತಿದ್ದರು. ಮೊದಮೊದಲು ಬೇಸರವಾಗಿತ್ತು. ಆಮೇಲೆ ಅದೇ ಹೆಸರನ್ನು ತನ್ನ ಟೀ ಲೋಟದ ಮೇಲೆ ಬಣ್ಣದಲ್ಲಿ ಬರೆದಿಟ್ಟುಕೊಂಡಳು, ಯಾರೂ ಕದಿಯದಿರಲೆಂದು.

ಪೊರಕೆಯಾಗುವ ಮೊದಲು ಅವಳು ಅದೇ ಕಟ್ಟಡದ ನೆಲಮಾಳಿಗೆಯಲ್ಲಿ, ಜರಡಿ ಕೋಣೆಯಲ್ಲಿದ್ದಳು. ಎರಡು ದವಡೆಯ ಕಬ್ಬಿಣದ ಡಬ್ಬಿ ಕಡಲ ತಳವನ್ನು ಒಂದು ತುತ್ತು ಕಚ್ಚಿ ತರುತ್ತದೆ. ಆ ಮರಳನ್ನು ತೊಳೆದು, ಒಲೆಯಲ್ಲಿ ಒಣಗಿಸಿ, ಒಂದರ ಮೇಲೊಂದು ಪೇರಿಸಿದ ಹಿತ್ತಾಳೆ ಜರಡಿಗಳಿಗೆ ಸುರಿದು, ಯಂತ್ರದಲ್ಲಿ ಅಲುಗಾಡಿಸಬೇಕು. ಮೇಲಿನ ಜರಡಿಯಲ್ಲಿ ಚಿಪ್ಪಿನ ಚೂರು, ನಡುವಿನವುಗಳಲ್ಲಿ ಮರಳು, ತಳದ ತಟ್ಟೆಯಲ್ಲಿ ಹಿಟ್ಟಿನಂಥ ಕೆಸರು. ಒಂದೊಂದನ್ನೂ ತೂಗಿದರೆ ಆ ಜಾಗದ ಚಹರೆ ಸಿಗುತ್ತದೆ. ಕಾಳು ತೀರ ಸಣ್ಣದಾದರೆ ನೀರಿನಲ್ಲಿ ತೇಲಿಕೊಂಡು ಹೋಗುತ್ತದೆ, ತೀರ ದಪ್ಪವಾದರೆ ಕೂತಲ್ಲೇ ಕೂರುತ್ತದೆ. ಕಾಲು ಮಿಲಿಮೀಟರಿಗೂ ಅರ್ಧ ಮಿಲಿಮೀಟರಿಗೂ ನಡುವಿನ ಕಾಳು ಮಾತ್ರ ಎರಡೂ ಅಲ್ಲದ್ದು. ಅದು ಉರುಳುತ್ತದೆ, ಜಿಗಿಯುತ್ತದೆ, ಮುಂದಿನದರ ಬೆನ್ನೇರುತ್ತದೆ. ಅಂಥ ಮರಳಿರುವ ಕಡೆ, ಉಬ್ಬರದ ನೀರು ಇಳಿಯುವಾಗಿನ ಸೆಳೆತ ಜೋರಾಗಿದ್ದರೆ, ತಳದಲ್ಲಿ ಅಲೆಗಳೇಳುತ್ತವೆ. ನೀರಿನ ಅಲೆಗಳಲ್ಲ, ಮರಳಿನ ಅಲೆಗಳು.

ಬಂದರಿನ ಬಾಯಿಯಾಚೆ ಅಂಥವು ಹನ್ನೊಂದು ಇದ್ದವು. ಒಂದೊಂದೂ ಹೆಂಚಿನ ಮನೆಯಷ್ಟು ಎತ್ತರ. ದಡದ ಕಡೆ ಸಾವಕಾಶದ ಇಳಿಜಾರು, ಕಡಲ ಕಡೆ ಕಡಿದಾದ ಇಳಿಜಾರು. ದಡದ ಕಡೆಯ ಮರಳು ಬೆನ್ನೇರಿ ಆಚೆ ಉದುರುತ್ತ ಉದುರುತ್ತ ಇಡೀ ದಿಬ್ಬವೇ ವರ್ಷಕ್ಕೆ ಹತ್ತು ಮೀಟರಿನಷ್ಟು ಕಡಲ ಕಡೆಗೆ ಸರಿಯುತ್ತಿತ್ತು. ಮೇಲೆ ನೀರು ಸಪಾಟಾಗಿ ಹೊಳೆಯುತ್ತಿದ್ದಾಗಲೂ ಕೆಳಗೆ ಹನ್ನೊಂದು ದಿಬ್ಬಗಳು ಸದ್ದಿಲ್ಲದೆ ನಡೆಯುತ್ತಿದ್ದವು. ಒಮ್ಮೆ ಅವಳು ಎಲ್ಲ ವರ್ಷಗಳ ಚಿತ್ರಗಳನ್ನು ಒಂದರ ಹಿಂದೊಂದು ಬೇಗಬೇಗ ಓಡಿಸಿ ನೋಡಿದಳು. ಮಲಗಿದ ಯಾವುದೋ ಪ್ರಾಣಿಯ ಪಕ್ಕೆಲುಬು ಚರ್ಮದಡಿ ಸರಿದಂತೆ ಕಂಡಿತು. ಇನ್ನೊಮ್ಮೆ ಓಡಿಸಲಿಲ್ಲ.

ದಿಬ್ಬಗಳ ನಡುವಿನ ತಗ್ಗುಗಳಲ್ಲಿ ಸಿಗಡಿ ಕೂಡುತ್ತಿತ್ತು. ಬೋಟಿನವರು ತಗ್ಗಿನುದ್ದಕ್ಕೂ ಬಲೆ ಎಳೆಯುತ್ತಿದ್ದರು. ಯಾವ ತಗ್ಗು ಎಲ್ಲಿಗೆ ಸರಿದಿದೆ, ಎಲ್ಲಿ ಅಡ್ಡಿಯಿಲ್ಲ ಎಂದು ಅವರಿಗೆ ಹೇಳುತ್ತಿದ್ದುದು ಅವಳು ಗುಡಿಸಿದ ನಕ್ಷೆ. ಅವಳ ಮೈದುನನಿಗೂ ಒಂದು ಬೋಟಿತ್ತು. "ನಮ್ಮ ಅತ್ತಿಗೆ ಗುಡಿಸಿದ ಅಂಗಳ. ಕಣ್ಣು ಮುಚ್ಕೊಂಡು ಬಲೆ ಬಿಡ್ತೀನಿ" ಎಂದು ಬೋಟುಗಳು ಬಂದು ನಿಲ್ಲುವ ಧಕ್ಕೆಯಲ್ಲಿ ಎಲ್ಲರೆದುರು ಹೇಳಿಕೊಂಡು ಓಡಾಡುತ್ತಿದ್ದ.

ಏಳನೇ ತಗ್ಗಿನಲ್ಲಿ ಏನೋ ನಿಂತಿತ್ತು.

ಪೊರಕೆಯಾದ ಮೊದಲ ವರ್ಷವೇ ಅದು ಅವಳ ಕಣ್ಣಿಗೆ ಬಿದ್ದಿತ್ತು. ತಗ್ಗಿನ ತಳದಿಂದ ನೆಟ್ಟಗೆ, ಆಳೆತ್ತರಕ್ಕೆ, ಒಂದೆರಡು ಚುಕ್ಕೆ. ಅಕ್ಕಪಕ್ಕದಲ್ಲಿ ಏನೂ ಇಲ್ಲ. ನಿಯಮದಂತೆ ಅಳಿಸಿದಳು. ಮರುವರ್ಷ ತಗ್ಗು ಹತ್ತು ಮೀಟರ್ ಮುಂದೆ ಹೋಗಿತ್ತು. ನಿಂತದ್ದೂ ತಗ್ಗಿನ ಜೊತೆಗೇ ಮುಂದೆ ಹೋಗಿತ್ತು. ಬಂಡೆಯಾಗಿದ್ದರೆ, ಮುಳುಗಿದ ಹಡಗಿನ ಕಂಬವಾಗಿದ್ದರೆ ಇದ್ದಲ್ಲೇ ಇರಬೇಕಿತ್ತು. ಕಡಲ ತಳದಲ್ಲಿ ಯಾವುದೂ ಎದ್ದು ನಡೆಯುವುದಿಲ್ಲ. ಆದ್ದರಿಂದ ಅದು ಮೀನಿನ ಹಿಂಡಿರಬೇಕು, ತಗ್ಗಿನಲ್ಲಿ ತಂಗುವ ಮೀನು. ಹಾಗೆಂದುಕೊಂಡು ಅಳಿಸಿದಳು. ಮೂರನೇ ವರ್ಷವೂ ಅಳಿಸಿದಳು. ಆಮೇಲೆ ಅದು ರೂಢಿಯಾಯಿತು. ಏಳನೇ ತಗ್ಗಿನ ಚಿತ್ರ ಪರದೆಗೆ ಬಂದೊಡನೆ ಅದು ಈ ಸಲ ಎಲ್ಲಿ ನಿಂತಿದೆಯೆಂದು ಕಣ್ಣು ತಾನಾಗಿ ಹುಡುಕುತ್ತಿತ್ತು. ಸಿಕ್ಕಿದೊಡನೆ ಬೆರಳು ಗುಂಡಿ ಒತ್ತುತ್ತಿತ್ತು.

ಎರಡು ವರ್ಷದ ಹಿಂದೆ ಆ ತಗ್ಗಿನಲ್ಲೇ ಒಂದು ಬೋಟು ಮಗುಚಿತ್ತು. ಗಾಳಿಯಿಲ್ಲ, ಅಲೆಯಿಲ್ಲ, ಹಾಡಹಗಲು. ಬೋಟಿನ ಯಜಮಾನನಿಗೆ ಗೊರಕೆ ಎಂದು ಹೆಸರು. ಅವನು ಮಲಗಿದರೆ ಪಕ್ಕದ ಬೋಟಿನವರು ಎದ್ದು ಕೂರುತ್ತಿದ್ದರಂತೆ. ಮೈದುನನ ಬೋಟು ಹತ್ತಿರವಿದ್ದುದರಿಂದ ಎಲ್ಲರನ್ನೂ ನೀರಿನಿಂದ ಎತ್ತಿಕೊಂಡರು. ಬೋಟು ಹೋಯಿತು. "ಬಲೇನ ಯಾರೋ ಹಿಡ್ಕೊಂಡ್ರು" ಎಂದು ಗೊರಕೆ ಹೇಳಿದ. "ಕಲ್ಲಿಗೆ ಸಿಕ್ಕಿದ್ರೆ ಪರ್ ಅಂತ ಹರಿಯುತ್ತೆ. ಇದು ಹರೀಲಿಲ್ಲ. ಹಿಡ್ಕೊಂಡು ನಿಂತ್ಕೊಂಡ್ತು."

"ಯಾರೋ ಅಲ್ಲಪ್ಪ, ನಿದ್ದೆ ಹಿಡ್ಕೊಂಡಿತ್ತು ನಿನ್ನ" ಎಂದು ಧಕ್ಕೆಯೆಲ್ಲ ನಕ್ಕಿತು. ನಕ್ಷೆ ತೆರೆದು ನೋಡಿದರೆ ಏಳನೇ ತಗ್ಗು ಅಂಗೈಯಷ್ಟು ಸ್ವಚ್ಛ. ಗೊರಕೆ ಚುಕ್ಕಾಣಿ ಹಿಡಿದೇ ನಿದ್ದೆ ಹೋಗಿದ್ದನೆಂದು ತೀರ್ಮಾನವಾಯಿತು. ಅವನನ್ನು ಮತ್ತೆ ಯಾರೂ ಬೋಟಿಗೆ ಕರೆಯಲಿಲ್ಲ. ಅವಳ ಗಂಡ ಕೆಲಸ ಮಾಡುವ ಐಸ್ ಕಾರ್ಖಾನೆಯ ಗೋಡೆಗೊರಗಿ ಕೂತು ಇತರರ ಬಲೆ ಹೆಣೆದುಕೊಡುತ್ತಿದ್ದ. ಗಂಡನಿಗೆ ಊಟದ ಡಬ್ಬಿ ಕೊಡಲು ಹೋದಾಗಲೆಲ್ಲ ಅವಳು ಅವನನ್ನು ನೋಡುತ್ತಿದ್ದಳು. ಅವನು ನಮಸ್ಕಾರ ಮಾಡುತ್ತಿದ್ದ. ಅವನು ನಿದ್ದೆ ಹೋಗಿದ್ದನೆಂದು ಅವಳೂ ನಂಬಿದ್ದಳು. ನಂಬುವುದು ಅವಳಿಗೆ ಬೇಕಾಗಿತ್ತು.

ಈ ವರ್ಷದ ಮರಳು ಜರಡಿ ಕೋಣೆಗೆ ಬಂದಾಗ ಅಲ್ಲೊಂದು ಜಗಳವಾಯಿತು. ಏಳನೇ ತಗ್ಗಿನ ತುತ್ತಿನಲ್ಲಿ ಕಾಳಿನ ಲೆಕ್ಕ ಒಂದೇ ಗುಡ್ಡೆಯಾಗದೆ ಎರಡು ಗುಡ್ಡೆಯಾಗಿತ್ತು. ಒಂದು ಎಂದಿನ ಉರುಳುವ ಮರಳು, ಇನ್ನೊಂದು ದಪ್ಪನೆಯ, ಒರಟು ಕಾಳು. ಮುಖ್ಯ ಅಧಿಕಾರಿಗೆ ಎಲ್ಲರೂ ಇಟ್ಟ ಹೆಸರು ದಶಮಾಂಶ. ಮೂರನೇ ದಶಮಾಂಶ ಸ್ಥಾನದವರೆಗೆ ಬರೆಯದ ಕಾಗದಕ್ಕೆ ಅವರು ಸಹಿ ಹಾಕುತ್ತಿರಲಿಲ್ಲ. ಆದರೆ ಯಾರಾದರೂ ಕಾಯಿಲೆ ಬಿದ್ದರೆ ಮೊದಲು ಆಸ್ಪತ್ರೆಗೆ ಬರುತ್ತಿದ್ದವರೂ ಅವರೇ.

"ಹಿಂದಿನ ಮರಳನ್ನ ತೊಳೀದೆ ಡಬ್ಬಿ ಇಳಿಸಿದ್ದೀರಿ" ಎಂದರು ದಶಮಾಂಶ.

"ತೊಳೆದಿದ್ದೀನಿ ಸಾರ್. ಬೇಕಾದ್ರೆ ನಾಳೆಯಿಂದ ಸೋಪು ಹಾಕಿ ಸ್ನಾನ ಮಾಡಿಸ್ತೀನಿ" ಎಂದ ಜರಡಿ ಕೋಣೆಯವನು.

ಜಗಳ ಬಿಡಿಸಲು ಕೆಳಗಿಳಿದ ಅವಳು ಮೇಲಿನ ಜರಡಿಯಲ್ಲಿ ಬೆರಳಾಡಿಸಿದಳು. ಚಿಪ್ಪಿನ ನಡುವೆ ಕೆಂಪಗಿನ ಹರಳುಗಳು ಸಿಕ್ಕವು. ಉಗುರಿನಲ್ಲಿ ಒತ್ತಿದಾಗ ಪುಡಿಯಾದವು. ಬೆರಳ ತುದಿ ಕೆಂಪಾಯಿತು.

"ಇದು ಇಟ್ಟಿಗೆ" ಎಂದಳು.

"ಸಮುದ್ರದ ತಳದಲ್ಲಿ ಇಟ್ಟಿಗೆ ಗೂಡು ಹಾಕಿದ್ದಾರಾ?" ಎಂದರು ದಶಮಾಂಶ. ಆದರೆ ಅವರೂ ಬಗ್ಗಿ ನೋಡಿದರು. ಬಗ್ಗಿದವರು ಬೇಗ ತಲೆಯೆತ್ತಲಿಲ್ಲ. "ಮತ್ತೆ ಒಂದು ತುತ್ತು ತರಿಸೋಣ. ಅಲ್ಲೀವರೆಗೆ ಇದನ್ನ ಲೆಕ್ಕದಿಂದ ಬಿಡಿ."

ಸಂಜೆ ಅವಳು ಏಳನೇ ತಗ್ಗಿನ ಹೊಸ ಚಿತ್ರ ತೆರೆದಳು. ಅದು ನಿಂತಿತ್ತು. ಗುಂಡಿಯ ಮೇಲಿಟ್ಟ ಬೆರಳು ಈ ಸಲ ಒತ್ತಲಿಲ್ಲ. ಬೆರಳ ತುದಿಯಲ್ಲಿ ಇನ್ನೂ ಕೆಂಪಿತ್ತು. ಇನ್ನೊಂದು ವಿಷಯವೂ ಈಗ ಮೊದಲ ಬಾರಿಗೆ ಅವಳನ್ನು ಕೆಣಕಿತು. ತಗ್ಗಿನ ಜೊತೆ ನಡೆಯುವಂಥದ್ದಾದರೆ ಅದು ತಗ್ಗಿನ ಒಂದೇ ಜಾಗದಲ್ಲಿ ನಿಲ್ಲಬೇಕು. ಇದು ಹಾಗಲ್ಲ. ಒಂದು ವರ್ಷ ತಗ್ಗಿನ ಮುಂಭಾಗ, ಇನ್ನೊಂದು ವರ್ಷ ಹಿಂಭಾಗ, ಮತ್ತೊಂದು ವರ್ಷ ನಟ್ಟನಡುವೆ. ಹೆಜ್ಜೆ ತಪ್ಪಿ ನಡೆಯುವವರ ಹಾಗೆ. ಯೋಚಿಸುತ್ತಲೇ ಮನೆಗೆ ಬಂದಳು. ಅಂದು ರಾತ್ರಿಯ ಊಟದ ಹೊತ್ತಿಗೆ ಮೈದುನ ಬಂದು ಬಾಗಿಲಲ್ಲೇ ನಿಂತು ಹೇಳಿದ: "ನಾಳೆಯಿಂದ ಹಂಗಾಮು ಶುರು ಅತ್ತಿಗೆ. ಹೊಸ ನಕ್ಷೆ ಬರೋವರೆಗೆ ಹಳೇದ್ರಲ್ಲೇ ಹೋಗ್ತೀನಿ. ಮೊದ್ಲು ಏಳನೇ ತಗ್ಗಿಗೆ."

"ಎರಡು ದಿನ ತಡಿ" ಎಂದಳು. ಯಾಕೆಂದು ಅವನು ಕೇಳಿದ. ನಡೆಯುವ ಕಂಬ ಎಂದು ಹೇಳಲಾಗುತ್ತದೆಯೆ? ಅವನು ನಗುತ್ತ ಮೆಟ್ಟಿಲಿಳಿದ.

ಬೆಳಿಗ್ಗೆ ಅತ್ತೆ ಎಂದಿನಂತೆ ಅಡುಗೆಮನೆಯ ಕಿಟಕಿಯ ಬಳಿ ಕೂತಿದ್ದರು. ಅವರ ಕಣ್ಣಿಗೆ ಪೊರೆ ಬಂದಿತ್ತು. ಎದುರಿನ ಎರಡು ಕಟ್ಟಡಗಳ ನಡುವೆ ಒಂದು ಗೇಣು ಸಂದಿ. ಆ ಸಂದಿಯಲ್ಲಿ ಹಿಂದಿನ ಬೀದಿಯ ಒಂದು ಚೂರು ಕಾಣುತ್ತಿತ್ತು. ದಿನಾ ಬೆಳಿಗ್ಗೆ ಆ ಚೂರಿನಲ್ಲಿ ಒಬ್ಬ ನಿಂತಿರುತ್ತಿದ್ದ. ಅತ್ತೆ ದಿನಾ ಅವನಿಗೆ ಬಯ್ಯುತ್ತಿದ್ದರು.

"ನೋಡೇ, ಬಂದು ನಿಂತ. ಈ ಕೆಲಸಗೇಡಿಗೆ ಹೆಂಡತಿ ಮಕ್ಕಳು ಯಾರೂ ಇಲ್ವಾ? ಅಲುಗಾಡಲ್ಲ, ಹೋಗಲ್ಲ. ಒಂದ್ಸಲ ದಪ್ಪ ಕಾಣ್ತಾನೆ, ಒಂದ್ಸಲ ಸಣ್ಣ ಕಾಣ್ತಾನೆ. ಮನುಷ್ಯನೋ ಏನೋ."

"ಅತ್ತೆ, ಎಷ್ಟು ಸಲ ಹೇಳೋದು? ಅದು ಫ್ಯಾಕ್ಟರಿ ಬಸ್ಸಿಗೆ ಕಾಯೋರ ಸಾಲು. ಒಬ್ಬ ಮುಂದೆ ಹೋದ್ರೆ ಇನ್ನೊಬ್ಬ ಬಂದು ನಿಲ್ತಾನೆ. ನಿಮ್ಮ ಸಂದೀಲಿ ಒಬ್ಬನಿಗಷ್ಟೇ ಜಾಗ. ಅದು ಒಬ್ಬನಲ್ಲ, ಅದು..."

ಕೈಯಲ್ಲಿದ್ದ ಲೋಟವನ್ನು ಅವಳು ಮೆಲ್ಲನೆ ಕಟ್ಟೆಯ ಮೇಲಿಟ್ಟಳು. ಇಲ್ಲಿ ಸಂದಿ ನಿಂತಿದೆ, ಸಾಲು ಸರಿಯುತ್ತದೆ. ಅಲ್ಲಿ ಸಾಲು ನಿಂತಿದ್ದರೆ? ಸರಿಯುವುದು ಸಂದಿಯಾಗಿದ್ದರೆ?

"ಏನಾಯ್ತೇ? ಮುಖ ಯಾಕೆ ಹಾಗಾಯ್ತು?" ಎಂದರು ಅತ್ತೆ, ಪೊರೆಗಣ್ಣಿಗೂ ಅದು ಕಂಡಿತ್ತು. ಅವಳು ಚಪ್ಪಲಿ ಮೆಟ್ಟಿ ಓಡಿದ್ದಳು.

ಅಳಿಸಿದ ಚುಕ್ಕೆ ಕಂಪ್ಯೂಟರಿನಲ್ಲಿ ಪೂರ್ತಿ ಸಾಯುವುದಿಲ್ಲ, ಕಾಣದಂತೆ ಬದಿಗಿರುತ್ತದೆ. ಅವಳು ಎಲ್ಲ ವರ್ಷಗಳ ಏಳನೇ ತಗ್ಗನ್ನೂ ಅದರ ಅಕ್ಕಪಕ್ಕದ ದಿಬ್ಬಗಳನ್ನೂ ಒಂದರ ಮೇಲೊಂದಿಟ್ಟು, ಅಳಿಸಿದ್ದನ್ನೆಲ್ಲ ಒಟ್ಟಿಗೆ ಮರಳಿ ಕರೆದಳು. ಅವು ಬಂದು ನಿಂತವು. ಚೆಲ್ಲಾಪಿಲ್ಲಿಯಾಗಿ ಅಲ್ಲ. ದಡದಿಂದ ಕಡಲ ಕಡೆಗೆ, ನೂಲು ಹಿಡಿದಂತೆ ನೇರ, ಸಮದೂರದಲ್ಲಿ, ಒಂದರ ಹಿಂದೊಂದು. ನಡೆಯುವ ಒಂದಲ್ಲ. ನಿಂತ ಹಲವು. ಮರಳಿನ ದಿಬ್ಬ ಅವುಗಳ ಮೇಲೆ ಹೊದಿಕೆಯಂತೆ ಸರಿಯುತ್ತ ಹೋದಾಗ, ವರ್ಷಕ್ಕೊಂದರಂತೆ, ಹೊದಿಕೆಯ ತಗ್ಗಿನಲ್ಲಿ ಒಂದು ಹೊರಗೆ ತಲೆಯೆತ್ತುತ್ತಿತ್ತು. ಮುಂದಿನ ವರ್ಷ ಅದು ಮರಳೊಳಗೆ, ಪಕ್ಕದ್ದು ಹೊರಗೆ.

ಹಿಂದೆ ಬಂದು ನಿಂತ ದಶಮಾಂಶ ಪರದೆಯ ಮೇಲಿನ ಸಾಲನ್ನು ಬೆರಳಿನಿಂದ ಎಣಿಸಿದರು. ಆಮೇಲೆ, "ಇದು ರಸ್ತೆ" ಎಂದರು ಪಿಸುದನಿಯಲ್ಲಿ, ಆ ಕಂಬಗಳಿಗೆ ಕೇಳಿಸೀತೆಂಬಂತೆ. "ಒಂದು ಬದಿಯ ಕಂಬಗಳು. ಬುಡದಲ್ಲಿ ಇಟ್ಟಿಗೆ ಕಟ್ಟೆ."

"ಸಾರ್, ನನ್ನ ಮೈದುನ ಈಗ ಅಲ್ಲೇ ಇದ್ದಾನೆ."

ಅಳತೆ ದೋಣಿಯವರ ಜೊತೆ ಮಾತಾಡಲು ಕಚೇರಿಯಲ್ಲಿ ವೈರ್‌ಲೆಸ್ ಇತ್ತು. ಬೋಟಿನವರೂ ಅದರಲ್ಲೇ ಮಾತಾಡುತ್ತಿದ್ದರು. ದಶಮಾಂಶ ಅದನ್ನು ತಾವೇ ಎತ್ತಿ, ಹೊಂದಿಸಿ, ಅವಳ ಕೈಗಿತ್ತರು. "ನೀವೇ ಹೇಳಿ. ನಾನು ಹೇಳಿದ್ರೆ ಅವನು ವಾದ ಮಾಡ್ತಾನೆ."

"ಹೇಳಿ ಅತ್ತಿಗೆ" ಎಂದಿತು ಗರಗರ ಸದ್ದಿನ ನಡುವೆ ಮೈದುನನ ದನಿ. "ಇದೇನು ಬೆಳಬೆಳಿಗ್ಗೆ ಆಫೀಸಿಂದ? ಅಮ್ಮ ಮನೆಯಿಂದ ಓಡಿಸಿಬಿಟ್ರಾ?"

"ಎಲ್ಲಿದ್ದೀಯ?"

"ಏಳನೇ ತಗ್ಗಲ್ಲಿ. ನೀವು ಗುಡಿಸಿಟ್ಟ ಅಂಗಳದಲ್ಲಿ."

"ಬಲೆ ಎತ್ತು. ಅಲ್ಲಿ ಕಂಬ ಇದೆ."

"ನಕ್ಷೇಲಿ ಇಲ್ಲ."

"ನಾನು ಅಳಿಸಿದ್ದೆ" ಎಂದಳು. "ಪ್ರತಿ ವರ್ಷ ಅಳಿಸಿದ್ದೆ. ಎತ್ತು."

ಗರಗರ ಸದ್ದು ಮಾತ್ರ ಉಳಿಯಿತು. ಅವನು ಬಲೆ ಎತ್ತಿಸುತ್ತಿದ್ದಾನೆಂದು ಅವಳು ಅಂದುಕೊಂಡಳು. ಮತ್ತೆ ದನಿ ಬಂದಾಗ ಅದರಲ್ಲಿ ತಮಾಷೆಯಿರಲಿಲ್ಲ.

"ಅತ್ತಿಗೆ, ಬೋಟು ನಿಂತುಬಿಡ್ತು. ಎಂಜಿನ್ ಓಡ್ತಾ ಇದೆ, ಬೋಟು ಹೋಗ್ತಿಲ್ಲ. ಒಂದ್ಕಡೆ ವಾಲ್ತಾ ಇದೆ. ಬಲೆ ಹರೀತಿಲ್ಲ. ಹಿಡ್ಕೊಂಡ ಹಾಗಿದೆ... ಯಾರೋ ಹಿಡ್ಕೊಂಡ ಹಾಗಿದೆ."

"ಹಗ್ಗ ಕಡಿ."

"ಹೊಸ ಬಲೆ ಅತ್ತಿಗೆ. ಇವತ್ತೇ ಮೊದಲ ಸಲ ನೀರಿಗೆ ಬಿಟ್ಟಿದ್ದು. ಸ್ವಲ್ಪ ಹಿಂದಕ್ಕೆ ಬಂದು ನೋಡ್ತೀನಿ."

"ಇಳಿತ ಶುರುವಾಗಿದೆ, ಸೆಳೆತ ನಿನ್ನ ಮಗುಚಿಹಾಕುತ್ತೆ. ಕಡಿ ಅಂದೆ!"

ಆ ಮಹಡಿಯಲ್ಲಿ ಅವಳ ದನಿ ಅಷ್ಟು ಎತ್ತರಕ್ಕೆ ಹೋದದ್ದನ್ನು ಯಾರೂ ಕೇಳಿರಲಿಲ್ಲ. ಅವಳೂ ಕೇಳಿರಲಿಲ್ಲ. ವೈರ್‌ಲೆಸ್ ಸುಮ್ಮನಾಯಿತು. ಕಿಟಕಿಯಾಚೆ ಕಡಲು ಸಪಾಟಾಗಿ, ಏನೂ ಅರಿಯದ ಹಾಗೆ ಹೊಳೆಯುತ್ತಿತ್ತು. ದಶಮಾಂಶ ಜೇಬಿನಿಂದ ಪೆನ್ನು ತೆಗೆದರು, ಮತ್ತೆ ಜೇಬಿಗಿಟ್ಟರು.

"ಕಡಿದೆ" ಎಂದಿತು ದನಿ ಕೊನೆಗೆ. "ಬೋಟು ನೆಟ್ಟಗಾಯ್ತು. ಎಲ್ರೂ ಇದ್ದೀವಿ." ಸ್ವಲ್ಪ ತಡೆದು ಮತ್ತೆ ಹೇಳಿತು: "ಅತ್ತಿಗೆ, ಹಗ್ಗದ ತುದಿ ತಕ್ಷಣ ಮುಳುಗಲಿಲ್ಲ. ಸ್ವಲ್ಪ ಹೊತ್ತು ನೀರಿನ ಮೇಲೆ ನೆಟ್ಟಗೆ ಬಿಗಿಯಾಗಿ ನಿಂತಿತ್ತು. ಆಮೇಲೆ ಬಿಟ್ಕೊಡ್ತು."

ಸೆಳೆತಕ್ಕೆ ಹಾಗಾಗಿರಬಹುದು ಎಂದು ಅವಳು ಹೇಳಬಹುದಿತ್ತು. ಕುರ್ಚಿಯಲ್ಲಿ ಕೂತಳು.

ಮಧ್ಯಾಹ್ನ ಐಸ್ ಕಾರ್ಖಾನೆಗೆ ಹೋದವಳು ಗಂಡನ ಡಬ್ಬಿಯನ್ನು ಕಾವಲಿನವನ ಕೈಗೆ ಕೊಟ್ಟು, ಗೋಡೆಯ ಬುಡದಲ್ಲಿ ಗೊರಕೆಯ ಎದುರು ನೆಲದ ಮೇಲೆ ಕೂತಳು. ಅವನು ಗಾಬರಿಯಿಂದ ಬಲೆ ಬದಿಗೆ ಸರಿಸಿದ. "ಯಾಕಮ್ಮ, ನೆಲದ ಮೇಲೆ? ಬಟ್ಟೆ ಕೊಳೆಯಾಗುತ್ತೆ."

"ನೀವು ಅವತ್ತು ನಿದ್ದೆ ಮಾಡಿರಲಿಲ್ಲ" ಎಂದಳು.

ಗೊರಕೆಯ ಕೈಯಲ್ಲಿದ್ದ ದಬ್ಬಣ ನಿಂತಿತು.

"ನಿಮ್ಮ ಬಲೇನ ಒಂದು ಕಂಬ ಹಿಡಿದಿತ್ತು. ಅದು ನನಗೆ ಕಂಡಿತ್ತು. ಸುಳ್ಳು ಅಂದ್ಕೊಂಡು ನಾನು ಅಳಿಸಿದ್ದೆ. ಅಳಿಸಿ ನಿಮ್ಮ ಕೈಗೆ ನಕ್ಷೆ ಕೊಟ್ಟಿದ್ದೆ. ಈ ಮಾತನ್ನ ಸಂಜೆ ಧಕ್ಕೆಯಲ್ಲಿ ಎಲ್ಲರ ಮುಂದೆ ಹೇಳ್ತೀನಿ. ಮೊದಲು ನಿಮಗೆ ಹೇಳೋಣ ಅಂತ ಬಂದೆ."

ಬಯ್ಯುತ್ತಾನೆಂದು ಅವಳು ಕಾದಳು, ಬಯ್ದಿದ್ದರೆ ಹಗುರವಾಗುತ್ತಿತ್ತು.

"ನನಗೇ ಅನುಮಾನ ಬಂದುಬಿಟ್ಟಿತ್ತಮ್ಮ" ಎಂದ ಕೊನೆಗೆ. "ಎಲ್ರೂ ಹೇಳಿ ಹೇಳಿ, ನಿದ್ದೆ ಹೋಗಿದ್ದೆನೇನೋ ಅಂತ. ಎರಡು ವರ್ಷದಿಂದ ರಾತ್ರಿ ಸರಿಯಾಗಿ ಮಲಗಿಲ್ಲ. ಹೆಂಡತಿ ಹೇಳ್ತಾಳೆ, ಗೊರಕೆನೇ ನಿಂತುಹೋಗಿದೆ ಅಂತ." ನಗಲು ಹೋದ. ನಗು ಬರಲಿಲ್ಲ. ದಬ್ಬಣ ಮತ್ತೆ ಆಡತೊಡಗಿತು.

ಸಂಜೆ ಅವಳು ಹೇಳಿದಂತೆಯೇ ಧಕ್ಕೆಯಲ್ಲಿ ನಿಂತು ಹೇಳಿದಳು. ಯಾರೂ ನಗಲಿಲ್ಲ. ಮರುದಿನ ಮೈದುನ ಗೊರಕೆಯನ್ನು ತನ್ನ ಬೋಟಿಗೆ ಕರೆದುಕೊಂಡ. "ಇವನು ಹಿಡ್ಕೊಂಡ್ರು ಅಂದ್ರೆ ಹಿಡ್ಕೊಂಡ್ರು ಅಂತಲೇ ಅರ್ಥ" ಎಂದ.

ಮುಳುಗುಗಾರರು ಇಳಿದು ನೋಡಿ ಬಂದರು. ಕಲ್ಲಿನ ಕಂಬ, ಬುಡಕ್ಕೆ ಇಟ್ಟಿಗೆ, ತಲೆಯಲ್ಲಿ ಸರಪಳಿ ಪೋಣಿಸುವ ತೂತು. ದಡ ಇನ್ನೂ ಮುಂದಿದ್ದ ಕಾಲದ ರಸ್ತೆಯಂತೆ. ಅದು ಎಲ್ಲಿಗೆ ಹೋಗುತ್ತಿತ್ತೆಂದು ಬಲ್ಲವರು ಯಾರೂ ಉಳಿದಿರಲಿಲ್ಲ.

ಹೊಸ ನಕ್ಷೆ ಮಾಡುವಾಗ ಅವಳು ಕಂಬಗಳನ್ನೆಲ್ಲ ಗುರುತು ಹಾಕಿದಳು, ಈಗ ಕಾಣುವುದನ್ನೂ ಮರಳೊಳಗೆ ಇರುವವನ್ನೂ. ಆಗ ಇನ್ನೊಂದು ಚುಕ್ಕೆ ಉಳಿಯಿತು. ಮರಳಿ ಕರೆದವುಗಳಲ್ಲಿ ಅದೂ ಬಂದಿತ್ತು. ಸಾಲಿನಲ್ಲಿರಲಿಲ್ಲ, ಸಾಲಿನ ಪಕ್ಕದಲ್ಲಿ, ರಸ್ತೆಯ ನಟ್ಟನಡುವೆ ಎನ್ನಬಹುದಾದ ಜಾಗದಲ್ಲಿ. ಪ್ರತಿ ವರ್ಷವೂ ಒಂದಿತ್ತು. ತಗ್ಗಿನಲ್ಲೂ ಇತ್ತು, ದಿಬ್ಬದ ಬೆನ್ನಿನ ಮೇಲೂ ಇತ್ತು. ದಿಬ್ಬಗಳು ಕಡಲ ಕಡೆಗೆ ಹೋಗುತ್ತಿದ್ದವು. ಇದು ವರ್ಷದಿಂದ ವರ್ಷಕ್ಕೆ ದಡದ ಕಡೆಗೆ ಬರುತ್ತಿತ್ತು.

ದಶಮಾಂಶ ಕನ್ನಡಕ ತೆಗೆದು ಒರೆಸಿ ಮತ್ತೆ ಹಾಕಿಕೊಂಡರು. "ಮೀನಿರಬಹುದು."

"ಇರಬಹುದು ಸಾರ್."

"ಒಂಟಿ ಚುಕ್ಕೆ. ನಿಯಮದ ಪ್ರಕಾರ..." ಎಂದು ಶುರುಮಾಡಿದವರು ಮಾತು ಮುಗಿಸದೆ ಸಹಿ ಹಾಕಿ ಹೋದರು.

ನಕ್ಷೆಯ ಮೊದಲ ಪ್ರತಿ ಮೈದುನನಿಗೆ ಸಿಕ್ಕಿತು. ಬೋಟಿನ ಕೋಣೆಯಲ್ಲಿ ಹರಡಿಕೊಂಡು, ಕಂಬಗಳ ಮೇಲೆ ಬೆರಳಿಡುತ್ತ ಬಂದವನು ಪಕ್ಕದ ಒಂಟಿ ಚುಕ್ಕೆಯ ಬಳಿ ನಿಂತ.

"ಇದೇನು ಅತ್ತಿಗೆ?"

"ಗೊತ್ತಿಲ್ಲ."

"ಗೊತ್ತಿಲ್ಲ ಅಂದ್ಮೇಲೆ ಯಾಕೆ ಹಾಕಿದ್ದೀರಿ?"

"ಗೊತ್ತಿಲ್ಲ ಅಂತ ನಿಮಗೆ ಗೊತ್ತಿರಲಿ ಅಂತ."

ಗೊರಕೆ ಬಗ್ಗಿ ಆ ಚುಕ್ಕೆಯನ್ನು ನೋಡಿದ. ಜೇಬಿನಿಂದ ಪೆನ್ಸಿಲ್ ತೆಗೆದು ಅದರ ಸುತ್ತ, ಸಾಕಷ್ಟು ಜಾಗ ಬಿಟ್ಟು, ಒಂದು ದೊಡ್ಡ ವೃತ್ತ ಬರೆದ.